ಆಕ್ಟೇವಿಯಾಗೆ ಚಳಿಗಾಲದ ಟೈರ್: 16 ಇಂಚಾ, 17 ಇಂಚಾ, ಇಲ್ಲಾ ಆಲ್ ಸೀಸನ್ ಸಾಕಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವಿರುವುದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ. ಈ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಕಾಂಬಿ ತೆಗೆದುಕೊಂಡೆವು. 2019ರ ಗಾಡಿ, 1.5 ಲೀಟರ್ ಪೆಟ್ರೋಲ್, ಫ್ರಂಟ್ ವೀಲ್ ಡ್ರೈವ್. ಮಾರಿದವರು ಕೊಟ್ಟಿದ್ದು ಬೇಸಿಗೆ ಟೈರ್ ಮಾತ್ರ. 225/45 ಆರ್ 17, ಅಲಾಯ್ ರಿಮ್ ಮೇಲೆ. ಈಗ ಅಕ್ಟೋಬರ್ ಬಂದೇ ಬಿಟ್ಟಿತು.

ನಮ್ಮ ಓಡಾಟ ಹೀಗಿದೆ. ವಾರದಲ್ಲಿ ಮಗಳನ್ನು ಕಿಂಡರ್‌ಗಾರ್ಟನ್‌ಗೆ ಬಿಟ್ಟು ಆಫೀಸಿಗೆ ಹೋಗುವುದು, ಎಲ್ಲಾ ಊರೊಳಗೆ. ವಾರಾಂತ್ಯದಲ್ಲಿ ಆಗಾಗ ಫ್ಯೂಸನ್ ಕಡೆ. ಡಿಸೆಂಬರ್‌ನಲ್ಲಿ ಶಿವಮೊಗ್ಗದಿಂದ ಅತ್ತೆ-ಮಾವ ಬರುತ್ತಾರೆ, ಅವರಿಗೆ ಹಿಮ ತೋರಿಸಲು ಆಸ್ಟ್ರಿಯಾದ ಲೆರ್ಮೋಸ್‌ನಲ್ಲಿ ರೂಮ್ ಮಾಡಿದ್ದೇವೆ. ಐದು ಜನ, ಮೇಲೆ ರೂಫ್ ಬಾಕ್ಸ್. ಗಾಡಿ ಫುಲ್ ಲೋಡ್.

ಮೂರು ದಾರಿ ಇವೆ. ಈಗಿರುವ 17 ಇಂಚಿನ ರಿಮ್‌ಗೇ ವರ್ಷಕ್ಕೆರಡು ಸಲ ಟೈರ್ ಬದಲಿಸುವುದು. ಬೇರೆಯದೇ 16 ಇಂಚಿನ ರಿಮ್ ಮತ್ತು ಟೈರ್ ಸೆಟ್ ತೆಗೆದುಕೊಳ್ಳುವುದು. ಇಲ್ಲಾ ಆಲ್ ಸೀಸನ್ ಹಾಕಿಸಿ ಸುಮ್ಮನಾಗುವುದು. ನಮ್ಮವರು ಮೂರನೆಯದಕ್ಕೆ ಪಟ್ಟು ಹಿಡಿದಿದ್ದಾರೆ. ನನಗೆ ಧೈರ್ಯ ಸಾಲದು. ಅನುಭವ ಇದ್ದವರು ದಯವಿಟ್ಟು ಹೇಳಿ.

ಕಡಲಕಿನಾರೆ

ಆಲ್ ಸೀಸನ್ ಹಾಕಿ ಮಾರಾಯ್ರೆ, ತಲೆಬಿಸಿ ಇಲ್ಲ. ನಾನು ಹ್ಯಾಂಬರ್ಗ್‌ನಲ್ಲಿ ಇದ್ದೇನೆ. ಇಲ್ಲಿ ಚಳಿಗಾಲ ಅಂದರೆ ಮಳೆ, ಗಾಳಿ, ಮತ್ತೆ ಮಳೆ. ಹಿಮ ಬಿದ್ದರೂ ಎರಡು ದಿನದಲ್ಲಿ ಕರಗುತ್ತದೆ. ನಾಲ್ಕನೇ ಮಹಡಿ ಮನೆ, ಲಿಫ್ಟ್ ಇಲ್ಲ, ನಾಲ್ಕು ಚಕ್ರ ಎಲ್ಲಿಡುವುದು? ಟೈರ್ ಮೇಲೆ ಬೆಟ್ಟ-ಹಿಮಹರಳಿನ ಗುರುತು ಇದ್ದರೆ ಕಾನೂನಿಗೂ ಸರಿ.

ಕಾಫಿತೋಟ

ಹ್ಯಾಂಬರ್ಗ್‌ಗೂ ಲೆರ್ಮೋಸ್‌ಗೂ ಎಲ್ಲಿಂದೆಲ್ಲಿಯ ಸಂಬಂಧ ಅಣ್ಣ? ನಾನು ಇನ್ಸ್‌ಬ್ರುಕ್‌ನಲ್ಲಿ ಇದ್ದೇನೆ. ಲೆರ್ಮೋಸ್ ಇರುವುದೇ ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿ, ಪಕ್ಕದಲ್ಲೇ ಫರ್ನ್‌ಪಾಸ್ ಘಟ್ಟದ ರಸ್ತೆ. ಕ್ರಿಸ್ಮಸ್ ಹೊತ್ತಿಗೆ ರಜೆ ಜನರೆಲ್ಲ ಅದೇ ರಸ್ತೆಗೆ ಬೀಳುತ್ತಾರೆ. ಏರಿನಲ್ಲಿ ಸಾಲಾಗಿ ನಿಂತು, ಮತ್ತೆ ಹೊರಡುವಾಗ ಚಕ್ರ ಸುಮ್ನೆ ತಿರುಗುತ್ತಾ ಇರುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹಿಂದೆ ಇರುವವರ ಹಾರ್ನ್ ಬೇರೆ.

ತುಂಗಾತೀರ ಅವರೇ, ಇನ್ನೊಂದು ವಿಷಯ ತಿಳಿದಿರಲಿ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ, ಹಿಮದ ರಾಡಿ, ಐಸ್ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ. ಅಷ್ಟೇ ಅಲ್ಲ, ಟೈರಿನ ಗ್ರಿಪ್, ಅಂದರೆ ಅದರ ಕಾಲುವೆಗಳ ಆಳ, ಕನಿಷ್ಠ 4 ಮಿಲಿಮೀಟರ್ ಇರಬೇಕು. ಅದಕ್ಕಿಂತ ಕಡಿಮೆ ಆದರೆ ಅದು ಚಳಿಗಾಲದ ಟೈರ್ ಅಂತ ಲೆಕ್ಕಕ್ಕೇ ಬರುವುದಿಲ್ಲ. ಜರ್ಮನಿಯಲ್ಲಿ ಕಾನೂನಿನ ಮಿತಿ 1.6 ಮಿಲಿಮೀಟರ್ ಅಷ್ಟೇ. ಗಡಿ ದಾಟುವವರು ಇದನ್ನೇ ಮರೆಯುತ್ತಾರೆ.

ಗ್ಯಾರೇಜ್ ಗೌಡ

ಸ್ಟುಟ್‌ಗಾರ್ಟ್ ಹತ್ತಿರ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಅಕ್ಟೋಬರ್ ಬಂತು ಅಂದರೆ ಬೆಳಿಗ್ಗೆಯಿಂದ ಸಂಜೆವರೆಗೆ ಇದೇ ಕೆಲಸ. ನನ್ನ ಮಾತು: ಬೇರೆ 16 ಇಂಚಿನ ಸೆಟ್ ತೆಗೆದುಕೊಳ್ಳಿ ಮೇಡಂ. ಕಾರಣ ಹೇಳುತ್ತೇನೆ.

205/55 ಆರ್ 16 ಟೈರ್‌ನ ಹೊರಗಿನ ವ್ಯಾಸ, ಅಂದರೆ ನೆಲದಿಂದ ಮೇಲಿನ ತುದಿವರೆಗೆ, ಸುಮಾರು 632 ಮಿಲಿಮೀಟರ್. ನಿಮ್ಮ ಈಗಿನ 225/45 ಆರ್ 17ಕ್ಕೆ ಸುಮಾರು 634. ಹೆಚ್ಚುಕಡಿಮೆ ಒಂದೇ. ಸ್ಪೀಡೋಮೀಟರ್ ಲೆಕ್ಕ ತಪ್ಪುವುದಿಲ್ಲ. ಆದರೆ 16 ಇಂಚಿನಲ್ಲಿ ರಿಮ್ ಚಿಕ್ಕದು, ರಬ್ಬರ್ ಗೋಡೆ ಎತ್ತರ. ಹಿಮದ ಕೆಳಗೆ ಫುಟ್‌ಪಾತ್ ಅಂಚು ಕಾಣುವುದಿಲ್ಲ, ಗುಂಡಿ ಕಾಣುವುದಿಲ್ಲ. ತಗುಲಿದರೆ ಮೊದಲು ಪೆಟ್ಟು ತಿನ್ನುವುದು ರಬ್ಬರ್, ರಿಮ್ ಅಲ್ಲ. ಟೈರ್ ಸ್ವಲ್ಪ ಸಪೂರ ಇದ್ದರೆ ಹಿಮದ ರಾಡಿಯನ್ನು ಸೀಳಿಕೊಂಡು ಹೋಗುತ್ತದೆ. ಅಗಲದ ಟೈರ್ ಅದರ ಮೇಲೆ ತೇಲುತ್ತದೆ. ಮೇಲಾಗಿ 16 ಇಂಚಿನ ಟೈರ್ ಬೆಲೆಯೂ ಕಡಿಮೆ.

ದುಡ್ಡು ಕೊಡುವ ಮುಂಚೆ ಗಾಡಿಯ ಸಿಒಸಿ ಕಾಗದ, ಅಂದರೆ ಗಾಡಿ ತಯಾರಿಸಿದ ಕಂಪನಿ ಕೊಡುವ ಪ್ರಮಾಣಪತ್ರ, ಹುಡುಕಿ. ಆರ್‌ಸಿಯ 15.1, 15.2 ಕಾಲಂನಲ್ಲಿ ಒಂದೇ ಸೈಜ್ ಬರೆದಿರುತ್ತಾರೆ, ಅದನ್ನು ನೋಡಿ ಬೇರೆ ಯಾವುದೂ ಹಾಕುವಂತಿಲ್ಲ ಅಂದುಕೊಳ್ಳುವವರು ಬಹಳ. ಯಾವ ಯಾವ ಸೈಜ್ ಹಾಕಬಹುದು ಎಂಬ ಪೂರ್ತಿ ಪಟ್ಟಿ ಸಿಒಸಿಯಲ್ಲಿದೆ. ಜೊತೆಗೆ ಲೋಡ್ ಇಂಡೆಕ್ಸ್ ನೋಡಿ. 91 ಅಂದರೆ ಒಂದು ಟೈರ್ 615 ಕಿಲೋ ಹೊರುತ್ತದೆ, 94 ಅಂದರೆ 670 ಕಿಲೋ. ಐದು ಜನ, ರೂಫ್ ಬಾಕ್ಸ್ ಅಂದಿದ್ದೀರಿ, ಕಾಗದದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಅಂತೂ ಬೇಡ.

ಧಾರವಾಡ ಪೇಡೆ

ಗೌಡ್ರ ಮಾತು ಬರೋಬ್ಬರಿ. ಆದರೂ ಒಂದು ಕೇಳತೀನ್ರಿ. ನಮ್ಮ ಗೆಳೆಯನ ಹತ್ತಿರ ಫೋರ್ ವೀಲ್ ಡ್ರೈವ್ ಗಾಡಿ ಇದೆ, ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮ) ಅಂತ ಬರೆದಿರುವ ಟೈರ್ ಇವೆ, ಮ್ಯೂನಿಕ್‌ನಲ್ಲಿ ವರ್ಷಪೂರ್ತಿ ಅದರಲ್ಲೇ ಓಡಾಡುತ್ತಾನೆ. ಎಲ್ಲರೂ ಟೈರ್ ಕಂಪನಿಗಳ ಜೇಬು ತುಂಬಿಸೋದು ಯಾಕೆ?

ಗ್ಯಾರೇಜ್ ಗೌಡ

ಎರಡೂ ತಪ್ಪು ಸರ್, ಬೇಜಾರು ಮಾಡಿಕೊಳ್ಳಬೇಡಿ.

ಒಂದು, ಜರ್ಮನಿಯಲ್ಲಿ ಬರೀ ಎಂ ಪ್ಲಸ್ ಎಸ್ ಗುರುತು ಈಗ ನಡೆಯುವುದಿಲ್ಲ. 2017ರ ಕೊನೆಯವರೆಗೆ ತಯಾರಾದ ಅಂಥ ಟೈರ್‌ಗಳಿಗೆ 2024ರ ಸೆಪ್ಟೆಂಬರ್ 30ರವರೆಗೆ ರಿಯಾಯಿತಿ ಇತ್ತು. ಅದು ಮುಗಿಯಿತು. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮಹರಳು, ಆ ಗುರುತು ಇರಲೇಬೇಕು. ಹಿಮದ ರಸ್ತೆಯಲ್ಲಿ ಅದಿಲ್ಲದೆ ಸಿಕ್ಕಿಬಿದ್ದರೆ 60 ಯೂರೊ ದಂಡ, ಫ್ಲೆನ್ಸ್‌ಬರ್ಗ್‌ನಲ್ಲಿ, ಅಂದರೆ ಡ್ರೈವರ್‌ಗಳ ತಪ್ಪು ದಾಖಲಿಸುವ ಕಚೇರಿಯಲ್ಲಿ, ಒಂದು ಪಾಯಿಂಟ್. ನಿಮ್ಮಿಂದ ರಸ್ತೆ ಬಂದ್ ಆದರೆ 80. ಗಾಡಿ ಬೇರೆಯವರ ಹೆಸರಲ್ಲಿದ್ದು, ಅವರೇ ಓಡಿಸಲು ಕೊಟ್ಟಿದ್ದರೆ ಅವರಿಗೆ 75 ಯೂರೊ ಮತ್ತು ಪಾಯಿಂಟ್. ಆಕ್ಸಿಡೆಂಟ್ ಆದರೆ ಇನ್ಶೂರೆನ್ಸ್‌ನವರು ಕ್ಲೇಮ್ ಕಡಿಮೆ ಮಾಡಲು ಒಂದು ಕಾರಣ ಸಿಕ್ಕಿತು ಅಂತಲೇ ಲೆಕ್ಕ.

ಎರಡು, ಫೋರ್ ವೀಲ್ ಡ್ರೈವ್ ಗಾಡಿಯನ್ನು ಮುಂದಕ್ಕೆ ಹೊರಡಿಸುತ್ತದೆ. ನಿಲ್ಲಿಸುವುದಿಲ್ಲ. ಬ್ರೇಕ್ ಎಲ್ಲಾ ಗಾಡಿಗೂ ನಾಲ್ಕು ಚಕ್ರಕ್ಕೇ ಇರುವುದು, ಅಲ್ವಾ? ಸರಾಗವಾಗಿ ಹೊರಟು ಸ್ಪೀಡ್ ಹಿಡಿದ ಮೇಲೆ ಎದುರಿಗೆ ಏನಾದರೂ ಬಂದರೆ, ನಿಲ್ಲಿಸಬೇಕಾದದ್ದು ಆ ಅಂಗೈಯಗಲದ ರಬ್ಬರ್ ಮಾತ್ರ.

ಧಾರವಾಡ ಪೇಡೆ

ಅವನಿಗೆ ಈ ಲಿಂಕ್ ಕಳಿಸೀನ್ರಿ. ಓದಲಿ.

ಎಂಟನೇ ಮೈಲಿ

ಬೆಂಗಳೂರಿನಿಂದ ಓದುತ್ತಿದ್ದೇನೆ. ಮುಂದಿನ ವರ್ಷ ಕೆಲಸದ ಮೇಲೆ ಬರುವವನು. ರಬ್ಬರ್ ರಬ್ಬರೇ ತಾನೇ, ಬೇಸಿಗೆ ಟೈರ್ ಹೊಸದಾಗಿದ್ದು ಒಳ್ಳೆ ಗ್ರಿಪ್ ಇದ್ದರೆ ನಿಧಾನಕ್ಕೆ ಓಡಿಸಬಹುದಲ್ಲ? ಹಾಗೇ, ಫ್ರಂಟ್ ವೀಲ್ ಡ್ರೈವ್ ಆದರೆ ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ಅರ್ಧ ದುಡ್ಡು ಉಳಿಯುತ್ತದೆ.

ಕಾಫಿತೋಟ

ಮುಂದಿನ ಎರಡಕ್ಕೆ ಮಾತ್ರ ಅನ್ನುವ ಯೋಚನೆಯನ್ನು ಇಲ್ಲಿಗೇ ಬಿಟ್ಟುಬಿಡಿ ತಮ್ಮ. ಮುಂದೆ ಹಿಡಿತ ಇದ್ದು ಹಿಂದೆ ಇಲ್ಲದಿದ್ದರೆ, ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ಹಿಂಭಾಗ ಸುತ್ತಿಕೊಂಡು ಮುಂದೆ ಬರುತ್ತದೆ. ಗಾಡಿ ರಸ್ತೆಗೆ ಅಡ್ಡ. ನಮ್ಮ ಮನೆ ಕೆಳಗಿನ ಇಳಿಜಾರಿನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಓಡಿಸುತ್ತಿದ್ದವರ ತಪ್ಪು ಏನೂ ಇರಲಿಲ್ಲ, ಸ್ಪೀಡೂ ಇರಲಿಲ್ಲ. ಸ್ಟೀರಿಂಗ್ ತಿರುಗಿಸುತ್ತಲೇ ಇದ್ದರು, ಗಾಡಿ ತನ್ನ ಪಾಡಿಗೆ ಜಾರುತ್ತಿತ್ತು. ಹಾಕಿಸಿದರೆ ನಾಲ್ಕೂ.

ಗ್ಯಾರೇಜ್ ಗೌಡ

> ರಬ್ಬರ್ ರಬ್ಬರೇ ತಾನೇ

ಅಲ್ಲ. ಡಿಸೆಂಬರ್ ಚಳಿಗೆ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದಲ್ಲ, ಬೇಸಿಗೆ ಟೈರ್ ರಬ್ಬರ್ ಕೂಡ ಚಳಿಗೆ ಹಾಗೆ ಬಿಗಿಯುತ್ತದೆ. ಚಳಿಗಾಲದ ಟೈರ್ ರಬ್ಬರ್ ಮಿಶ್ರಣವೇ ಬೇರೆ, ಸೊನ್ನೆಗಿಂತ ಕೆಳಗೂ ಮೆದುವಾಗಿಯೇ ಇರುತ್ತದೆ.

ಅದರ ಜೊತೆ ಗ್ರಿಪ್ ವಿನ್ಯಾಸ. ಚಳಿಗಾಲದ ಟೈರ್ ಹತ್ತಿರದಿಂದ ನೋಡಿ. ಪ್ರತಿ ಬ್ಲಾಕ್ ಮೇಲೂ ಅಂಕುಡೊಂಕಾದ ಕೂದಲೆಳೆ ಸೀಳುಗಳು ಇರುತ್ತವೆ. ಹೆಬ್ಬೆರಳಿಂದ ಒತ್ತಿದರೆ ಬ್ಲಾಕ್ ಅಲುಗಾಡುತ್ತದೆ, ಸೀಳು ಬಾಯಿ ಬಿಡುತ್ತದೆ. ಗಾಡಿ ಓಡುವಾಗ ಆ ನೂರಾರು ಅಂಚುಗಳು ಹಿಮವನ್ನು ಕಚ್ಚುತ್ತವೆ. ದೊಡ್ಡ ಕಾಲುವೆಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ, ಅದೂ ಒಳ್ಳೆಯದಕ್ಕೇ. ಹಿಮಕ್ಕೆ ಹಿಮ ಚೆನ್ನಾಗಿ ಅಂಟುತ್ತದೆ. ಬೇಸಿಗೆ ಟೈರ್ ಎಷ್ಟೇ ಹೊಸದಿರಲಿ, ಇದ್ಯಾವುದೂ ಅದರಲ್ಲಿಲ್ಲ. ಗಟ್ಟಿ ಹಿಮದ ಮೇಲೆ ಬ್ರೇಕ್ ಹೊಡೆದರೆ ನಿಲ್ಲಲು ಹೆಚ್ಚುಕಡಿಮೆ ಎರಡು ಪಟ್ಟು ದೂರ ಬೇಕು.

7 ಡಿಗ್ರಿಗಿಂತ ಚಳಿ ಆದರೆ ಚಳಿಗಾಲದ ಟೈರೇ ಬೇಕು ಅನ್ನುವ ಲೆಕ್ಕ ಎಲ್ಲರೂ ಹೇಳುತ್ತಾರೆ. 7ಕ್ಕಿಂತ ಕೆಳಗಿಳಿದ ಕೂಡಲೇ ಬೇಸಿಗೆ ಟೈರ್ ಕೆಲಸ ಮಾಡುವುದಿಲ್ಲ ಅಂತೇನಿಲ್ಲ. ಒಣ ರಸ್ತೆಯಲ್ಲಿ 5 ಡಿಗ್ರಿಗೂ ಅದು ಚೆನ್ನಾಗಿಯೇ ನಿಲ್ಲುತ್ತದೆ. ಕಷ್ಟ ಬರುವುದು ಬೆಳಗಿನ ಜಾವದ ಇಬ್ಬನಿ ಐಸ್ ಆದಾಗ, ಮೊದಲ ಹಿಮ ಬಿದ್ದಾಗ. ಅದು ಹೇಳಿ ಕೇಳಿ ಬರುವುದಿಲ್ಲ. ಅದಕ್ಕೇ ಅಕ್ಟೋಬರ್‌ನಲ್ಲೇ ಬದಲಿಸಿ ಅನ್ನುವುದು.

ಹಿಮಕರಡಿ

ಮಾಂಟ್ರಿಯಲ್‌ನಿಂದ ನಮಸ್ಕಾರ. ನಮ್ಮ ಕ್ವಿಬೆಕ್‌ನಲ್ಲಿ ಈ ಚರ್ಚೆಯೇ ಇಲ್ಲ. ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಹಿಮ ಇರಲಿ ಬಿಡಲಿ, ಗಾಡಿಗೆ ಚಳಿಗಾಲದ ಟೈರ್ ಇರಲೇಬೇಕು. ಪಕ್ಕದ ಒಂಟಾರಿಯೊದಲ್ಲಿ ಕಡ್ಡಾಯ ಇಲ್ಲ, ಆದರೆ 2016ರಿಂದ ಚಳಿಗಾಲದ ಟೈರ್ ಹಾಕಿದವರಿಗೆ ಇನ್ಶೂರೆನ್ಸ್ ಕಂಪನಿಗಳು ರಿಯಾಯಿತಿ ಕೊಡಲೇಬೇಕು. ಟೊರಾಂಟೊ ಕನ್ನಡಿಗರು ಯಾರಾದರೂ ಇದ್ದರೆ ಏಜೆಂಟನ್ನು ಕೇಳಿ, ಅವರಾಗಿಯೇ ಹೇಳುವುದಿಲ್ಲ.

ಬೇರೆ ರಿಮ್ ಸೆಟ್ ವಿಷಯದಲ್ಲಿ ನನ್ನದೂ ಗೌಡರ ವೋಟು. ಒಂದೇ ರಿಮ್‌ಗೆ ವರ್ಷಕ್ಕೆರಡು ಸಲ ಟೈರ್ ಕಳಚಿ ಹಾಕಿದರೆ ಟೈರಿನ ಒಳ ಅಂಚು ಹಾಳಾಗುತ್ತದೆ, ಪ್ರತಿ ಸಲ ಬ್ಯಾಲೆನ್ಸಿಂಗ್ ಮಾಡಿಸಬೇಕು.

ತುಂಗಾತೀರ

ಎಷ್ಟೊಂದು ಮಾಹಿತಿ! ಎಲ್ಲರಿಗೂ ಥ್ಯಾಂಕ್ಸ್. ಗೌಡರೇ, ಸಿಒಸಿ ಸಿಕ್ಕಿತು. 205/55 ಆರ್ 16 ಅದರಲ್ಲಿದೆ. ನಮ್ಮವರಿಗೆ ಖರ್ಚಿನ ಚಿಂತೆ. ಆಲ್ ಸೀಸನ್ ಆದರೆ ನಾಲ್ಕು ಟೈರ್‌ಗೆ ಮುಗಿಯಿತು, ರಿಮ್ ಬೇಡ, ಇಡಲು ಜಾಗ ಬೇಡ ಅನ್ನುತ್ತಾರೆ.

ಗ್ಯಾರೇಜ್ ಗೌಡ

ಲೆಕ್ಕ ಹಾಕಿ ನೋಡೋಣ. ಒಳ್ಳೆ ಕಂಪನಿಯ 16 ಇಂಚಿನ ಟೈರ್, ಸ್ಟೀಲ್ ರಿಮ್ ಸಮೇತ, ನಾಲ್ಕು ಚಕ್ರಕ್ಕೆ 600ರಿಂದ 750 ಯೂರೊ ಆಗಬಹುದು. ಚಕ್ರ ಬದಲಿಸಲು ಸಲಕ್ಕೆ 30-40 ಯೂರೊ. ರಿಮ್ ಒಂದು ಸಲ ಕೊಂಡರೆ ಗಾಡಿ ಇರುವವರೆಗೆ ಬರುತ್ತದೆ. ಒಂದು ಸೆಟ್ ಓಡುವಾಗ ಇನ್ನೊಂದು ಸವೆಯುವುದಿಲ್ಲ, ಅಂದರೆ ಎರಡೂ ಸೆಟ್ ಹೆಚ್ಚು ವರ್ಷ ಬಾಳುತ್ತವೆ. ನಿಮ್ಮ ಈಗಿನ ಬೇಸಿಗೆ ಟೈರ್ ಚೆನ್ನಾಗಿದ್ದರೆ, ಅದನ್ನು ಎಸೆದು ಆಲ್ ಸೀಸನ್ ಹಾಕಿಸುವುದು ಉಳಿತಾಯ ಹೇಗಾದೀತು?

ಆಲ್ ಸೀಸನ್ ಕೆಟ್ಟದು ಅಂತ ನಾನು ಹೇಳುವುದಿಲ್ಲ. 2015ರಲ್ಲಿ ಮಿಶೆಲಿನ್ ಕ್ರಾಸ್‌ಕ್ಲೈಮೇಟ್ ಬಂದ ಮೇಲೆ ಆ ಟೈರ್‌ಗಳು ಬಹಳ ಸುಧಾರಿಸಿವೆ. ಹ್ಯಾಂಬರ್ಗ್, ಕಲೋನ್ ಕಡೆ ಊರೊಳಗೆ ಓಡಾಡುವವರಿಗೆ ನಾನೇ ಹಾಕಿಕೊಡುತ್ತೇನೆ. ಬೆಟ್ಟಕ್ಕೆ ಹೋಗುವವರಿಗೆ, ಅದೂ ಫುಲ್ ಲೋಡ್‌ನಲ್ಲಿ, ಹಾಕಿಕೊಡುವುದಿಲ್ಲ.

ಕಡಲಕಿನಾರೆ

ನಾನೂ ಅದನ್ನೇ ಹೇಳಿದ್ದು ಮಾರಾಯ್ರೆ, ನಮ್ಮ ಊರಿಗೆ ಸಾಕು ಅಂತ. ಲೆರ್ಮೋಸ್‌ಗೆ ವರ್ಷಕ್ಕೆ ಒಂದು ಸಲ ತಾನೇ ಹೋಗುವುದು? ಆ ಒಂದು ಸಲಕ್ಕೆ ರೈಲಲ್ಲಿ ಹೋಗಬಹುದು, ಅಲ್ಲಿ ಸ್ಟೇಷನ್ ಇದೆ.

ಕಾಫಿತೋಟ

ಅತ್ತೆ-ಮಾವ, ಮಗು, ಸ್ಲೆಡ್ಜ್, ಸೂಟ್‌ಕೇಸ್, ಇಷ್ಟೂ ಹೊತ್ತು ರೈಲು ಬದಲಿಸಲು ಹೇಳುತ್ತೀರಾ? ಅಲ್ಲದೆ ಫ್ಯೂಸನ್‌ಗೆ ವಾರಾಂತ್ಯದಲ್ಲಿ ಹೋಗುತ್ತೇವೆ ಅಂತ ಮೊದಲೇ ಬರೆದಿದ್ದಾರೆ. ಅದೂ ಆಲ್ಪ್ಸ್ ಬುಡವೇ.

ನಾರ್ಡಿಕ್ ನಾಗ

ಗೋಥೆನ್‌ಬರ್ಗ್‌ನಿಂದ ಒಂದು ಎಚ್ಚರಿಕೆ. ಇಂಟರ್‌ನೆಟ್‌ನಲ್ಲಿ ಹುಡುಕುವಾಗ ನಾರ್ಡಿಕ್ ಟೈರ್‌ಗಳೂ ಬರುತ್ತವೆ. ನಮ್ಮಲ್ಲಿ ಎರಡು ಬಗೆ. ಮೊಳೆ ಇರುವುದು, ಮೊಳೆ ಇಲ್ಲದ ಬಹಳ ಮೆತ್ತಗಿನ ರಬ್ಬರ್‌ನದು. ಮೊಳೆ ಟೈರ್ ಜರ್ಮನಿಯ ರಸ್ತೆಗಳಲ್ಲಿ ನಿಷೇಧ, ಆಸ್ಟ್ರಿಯಾ ಗಡಿ ಹತ್ತಿರದ ಸಣ್ಣ ಪಟ್ಟಿ ಬಿಟ್ಟು. ಮೊಳೆ ಇಲ್ಲದ್ದು ಕಾನೂನಿಗೆ ಸರಿ, ಆದರೆ ಬವೇರಿಯಾದ ಚಳಿಗಾಲಕ್ಕೆ ಹೊಂದುವುದಿಲ್ಲ. ನಿಮ್ಮಲ್ಲಿ ಹೆಚ್ಚು ದಿನ ಒದ್ದೆ ರಸ್ತೆ, ಉಪ್ಪು, 4-5 ಡಿಗ್ರಿ. ಅದರಲ್ಲಿ ಈ ಟೈರ್‌ನ ಬ್ರೇಕ್ ಹಿಡಿತ ಕಡಿಮೆ, ಆಟೋಬಾನ್‌ನಲ್ಲಿ ಗಾಡಿ ತೇಲಾಡಿದಂತೆ ಅನಿಸುತ್ತದೆ.

2021ರ ಮೇ ತಿಂಗಳಿಂದ ಬಂದಿರುವ ಯುರೋಪಿನ ಹೊಸ ಟೈರ್ ಲೇಬಲ್ ನೋಡಿ. ಒದ್ದೆ ರಸ್ತೆಯ ಬ್ರೇಕ್‌ಗೆ ಎ ಇಂದ ಇ ವರೆಗೆ ದರ್ಜೆ ಇದೆ. ಕೆಳಗೆ ಹಿಮದ ಗುರುತು, ಅದರ ಪಕ್ಕ ಐಸ್ ಗುರುತು. ಐಸ್ ಗುರುತು ಇದ್ದರೆ ಅದು ನಾರ್ಡಿಕ್ ಟೈರ್ ಅಂತ ತಿಳಿಯಿರಿ. ನಿಮಗೆ ಹಿಮದ ಗುರುತು ಸಾಕು, ಒದ್ದೆ ದರ್ಜೆ ಚೆನ್ನಾಗಿರಲಿ.

ಧಾರವಾಡ ಪೇಡೆ

ಬ್ರ್ಯಾಂಡ್ ಯಾವುದ್ರಿ ಮತ್ತೆ? ಅದನ್ನ ಯಾರೂ ಹೇಳಲಿಲ್ಲ.

ಗ್ಯಾರೇಜ್ ಗೌಡ

ಜರ್ಮನಿಯ ವಾಹನ ಸವಾರರ ಸಂಘ ಎಡಿಎಸಿ ಪ್ರತಿ ವರ್ಷ ಚಳಿಗಾಲದ ಟೈರ್ ಟೆಸ್ಟ್ ಮಾಡುತ್ತದೆ, ಸೈಜ್ ಪ್ರಕಾರ. ನಿಮ್ಮ ಸೈಜ್ ಅಥವಾ ಅದಕ್ಕೆ ಹತ್ತಿರದ್ದು ಯಾವ ವರ್ಷ ಬಂದಿದೆಯೋ ಅದನ್ನು ಓದಿ. ಕಾಂಟಿನೆಂಟಲ್, ಮಿಶೆಲಿನ್, ಗುಡ್‌ಇಯರ್, ಬ್ರಿಡ್ಜ್‌ಸ್ಟೋನ್, ವ್ರೆಡೆಸ್ಟೈನ್, ಯಾವುದಾದರೂ ಆದೀತು. ಒಟ್ಟು ಅಂಕ ಮಾತ್ರ ನೋಡಬೇಡಿ. ಒದ್ದೆ ರಸ್ತೆ ಮತ್ತು ಹಿಮ, ಎರಡು ಕಾಲಂ ಬೇರೆ ಬೇರೆ ನೋಡಿ. ಹೆಸರೇ ಕೇಳಿರದ ತೀರಾ ಅಗ್ಗದ ಟೈರ್ ಬೇಡ. ಅವುಗಳಲ್ಲಿ ಬೆಟ್ಟದ ಗುರುತು ಇದ್ದೂ ಒದ್ದೆ ರಸ್ತೆಯಲ್ಲಿ ಬಹಳ ದೂರ ಹೋಗಿ ನಿಲ್ಲುವಂಥವು ಇವೆ.

ಚಾಮುಂಡಿ ತಪ್ಪಲು

ವ್ರೆಡೆಸ್ಟೈನ್ ಹೆಸರು ಬಂತಲ್ಲ, ಅದು ಡಚ್ ಕಂಪನಿ, ಆದರೆ 2009ರಿಂದ ನಮ್ಮ ಭಾರತದ ಅಪೊಲೊದವರದು. ನಾನು ಡಾರ್ಟ್ಮಂಡ್‌ನಲ್ಲಿ ಅದನ್ನೇ ಹಾಕಿಸಿದ್ದೇನೆ, ಚೆನ್ನಾಗಿದೆ.

ಟೈರ್ ಅಂದರೆ ಮೈಸೂರಿನವರಿಗೆ ವಿಕ್ರಾಂತ್ ನೆನಪಾಗದೆ ಇರುತ್ತದಾ? ಕೆಆರ್‌ಎಸ್ ರಸ್ತೆಯ ಕಾರ್ಖಾನೆ. ನಮ್ಮ ಬೀದಿಯಲ್ಲಿ ಮನೆಗೊಬ್ಬರಂತೆ ಅಲ್ಲಿ ಕೆಲಸಕ್ಕಿದ್ದರು. 1997ರಲ್ಲಿ ಜೆಕೆ ಟೈರ್ ತೆಗೆದುಕೊಂಡಿತು. ಶಿಫ್ಟ್ ಬಿಡುವ ಹೊತ್ತಿಗೆ ಸೈಕಲ್ ಸಾಲು ನೋಡಬೇಕಿತ್ತು.

ಎಂಟನೇ ಮೈಲಿ

ನಮ್ಮ ಚಿಕ್ಕಪ್ಪ ಕೂಡ ವಿಕ್ರಾಂತ್‌ನಲ್ಲೇ ಇದ್ದರು! ಲಾರಿ ಟೈರ್ ಸೆಕ್ಷನ್.

ಚಾಮುಂಡಿ ತಪ್ಪಲು

ಹೌದಾ? ಯಾವ ವರ್ಷ? ನಮ್ಮ ತಂದೆಗೆ ಗೊತ್ತಿರಬಹುದು, ಮೆಸೇಜ್ ಮಾಡಿ.

ತುಂಗಾತೀರ

ಮೈಸೂರಿನವರು ಸಿಕ್ಕಿದ್ದು ಖುಷಿ. ಈಗ ಟೈರ್‌ಗೆ ವಾಪಸ್ ಬರೋಣ. ಇವರು ಹಳೇ ಸಾಮಾನು ಮಾರುವ ಕ್ಲೈನಾನ್‌ತ್ಸೈಗನ್ ಜಾಲತಾಣದಲ್ಲಿ ಒಂದು ಹಳೇ ಸೆಟ್ ಹುಡುಕಿದ್ದಾರೆ. 16 ಇಂಚು ಅಲಾಯ್, ಟೈರ್ ಸಮೇತ ನಾಲ್ಕಕ್ಕೂ ಸೇರಿ 200 ಯೂರೊ. ಬೇರೆ ಕಂಪನಿ ಗಾಡಿಯದು, ಆದರೆ 5 ಬೋಲ್ಟ್, 112 (ಬೋಲ್ಟ್ ತೂತುಗಳ ವೃತ್ತದ ಅಳತೆ, ಮಿಲಿಮೀಟರ್‌ನಲ್ಲಿ) ಅಂತ ಬರೆದಿದ್ದಾರೆ, ನಮ್ಮದೂ ಅದೇ. ಫೋಟೊದಲ್ಲಿ ಗ್ರಿಪ್ ಚೆನ್ನಾಗಿ ಕಾಣುತ್ತದೆ. ಟೈರ್ ಮೇಲೆ 3517 ಅಂತ ಇದೆ. ತೆಗೆದುಕೊಳ್ಳಬಹುದಾ?

ಹಿಮಕರಡಿ

3517 ಅಂದರೆ 2017ರ 35ನೇ ವಾರ ತಯಾರಾದದ್ದು. ಈ ಚಳಿಗಾಲಕ್ಕೆ ಎಂಟು ವರ್ಷ ದಾಟಿತು. ಬೇಡ.

ಗ್ಯಾರೇಜ್ ಗೌಡ

ನನ್ನದೂ ಅದೇ ಮಾತು, ಬೇಡ. ಚಳಿಗಾಲದ ಟೈರ್‌ಗೆ ಎಂಟು ವರ್ಷ ಅಂದರೆ ಮುದಿಯಾಯಿತು. ಗ್ರಿಪ್ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ನಾವು ದುಡ್ಡು ಕೊಡುವುದೇ ಮೆದುವಾದ ರಬ್ಬರ್‌ಗೆ.

ರಿಮ್ ವಿಷಯ ಇನ್ನೂ ಮುಖ್ಯ. 5 ಬೋಲ್ಟ್, 112 ಸರಿ ಬಂದರೆ ಸಾಲದು. ನಡುವಿನ ತೂತು ನಿಮ್ಮ ಗಾಡಿಗೆ 57.1 ಮಿಲಿಮೀಟರ್ ಇರಬೇಕು. ದೊಡ್ಡದಾದರೆ ಸರಿಯಾದ ರಿಂಗ್ ಬೇಕು, ಇಲ್ಲದಿದ್ದರೆ ಸ್ಟೀರಿಂಗ್ ನಡುಗುತ್ತದೆ. ಇಟಿ ಅಂತ ಒಂದು ಸಂಖ್ಯೆ ರಿಮ್ ಮೇಲೆ ಬರೆದಿರುತ್ತದೆ. ಅದು ವ್ಯತ್ಯಾಸ ಆದರೆ ಚಕ್ರ ಒಳಗೆ ಅಥವಾ ಹೊರಗೆ ಸರಿಯುತ್ತದೆ, ಉಜ್ಜಬಹುದು. ಬೇರೆ ರಿಮ್ ಆದರೆ ನಿಮ್ಮ ಗಾಡಿ ಮಾಡೆಲ್ ಹೆಸರಿರುವ ಎಬಿಇ ಕಾಗದ, ಅಂದರೆ ರಿಮ್‌ನ ಅನುಮತಿ ಪತ್ರ, ಇಲ್ಲಾ ತಪಾಸಣೆ ಸಂಸ್ಥೆಯ ಒಪ್ಪಿಗೆ ಬೇಕು, ಇಲ್ಲದೆ ಓಡಿಸುವಂತಿಲ್ಲ.

ಇನ್ನು ಬೋಲ್ಟ್. ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ನಿಮ್ಮ ಗಾಡಿಯ ಒರಿಜಿನಲ್ ಬೋಲ್ಟ್ ಕೈಯಲ್ಲಿ ಹಿಡಿದು ನೋಡಿ. ತಲೆಯ ಕೆಳಗೆ, ರಿಮ್‌ಗೆ ಕೂರುವ ಜಾಗ ಗುಂಡಗಿರುತ್ತದೆ. ಹೊರಗಿನ ಕಂಪನಿ ರಿಮ್‌ಗಳಿಗೆ ಸಾಮಾನ್ಯವಾಗಿ ಆ ಜಾಗ ಓರೆಯಾಗಿ, ಚೂಪಾಗಿ ಇರುವ ಬೋಲ್ಟ್ ಬೇಕು. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಬಿಗಿ ಆದಂತೆ ಕಾಣುತ್ತದೆ, ನಿಜವಾಗಿ ಕೂತಿರುವುದಿಲ್ಲ. ಓಡುತ್ತಾ ಓಡುತ್ತಾ ಸಡಿಲ ಆಗುತ್ತದೆ. ಚಕ್ರ ಕಳಚಿದರೆ ಗಾಡಿಯಲ್ಲಿ ಮಗು ಇರುತ್ತದೆ ಮೇಡಂ. ಸ್ಕೋಡಾದ್ದೇ ಸ್ಟೀಲ್ ರಿಮ್ ತೆಗೆದುಕೊಂಡರೆ ಇರುವ ಬೋಲ್ಟೇ ಸಾಕು, ಕಾಗದದ ತಲೆನೋವೂ ಇಲ್ಲ.

ಧಾರವಾಡ ಪೇಡೆ

ಸ್ಟೀಲ್ ರಿಮ್ ಅಂದ್ರ ಕರಿ ಕರಿ ಕಾಣತೈತಿ. ಮನೆ ಮುಂದೆ ನಿಲ್ಲಿಸಿದ್ರ ಗಾಡಿ ಕಳೆಯೇ ಹೋಗತೈತಿ. ಅಲಾಯ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರಾಯಿತು.

ನಾರ್ಡಿಕ್ ನಾಗ

ಅಲಾಯ್ ಬೇಕಾದರೆ ತೆಗೆದುಕೊಳ್ಳಿ, ಆದರೆ ಚಳಿಗಾಲಕ್ಕೆ ಅಂತಲೇ ಪೂರ್ತಿ ಪೇಂಟ್, ಗಟ್ಟಿ ಲ್ಯಾಕರ್ ಇರುವುದು. ಮುಂಭಾಗ ಕಡೆದು ಹೊಳೆಯುವಂತೆ ಮಾಡಿದ ರಿಮ್ ಬೇಡವೇ ಬೇಡ. ಒಂದು ಕಡೆ ಗೀರು ಬಿದ್ದರೆ ಸಾಕು, ಉಪ್ಪು ಲ್ಯಾಕರ್ ಕೆಳಗೆ ನುಗ್ಗಿ ಬಿಳಿ ಬಿಳಿ ಬೇರು ಹರಡುತ್ತದೆ.

ಕಾಫಿತೋಟ

ಸ್ಟೀಲ್ ರಿಮ್‌ಗೂ ತುಕ್ಕು ಹಿಡಿಯುತ್ತದೆ, ಆದರೆ ಬ್ರಷ್ ಹಾಕಿ ಉಜ್ಜಿ ಪೇಂಟ್ ಬಳಿದರೆ ಮತ್ತೆ ಬರುತ್ತದೆ. ನಾವು ಮನೆಮಂದಿಯೆಲ್ಲ ಸ್ಟೀಲೇ. ಹಿಮದ ಚೈನ್ ಹಾಕುವಾಗ ರಿಮ್‌ಗೆ ಗೀರು ಬೀಳುವ ಭಯವೂ ಇಲ್ಲ.

ಚೈನ್ ಅಂದಾಗ ನೆನಪಾಯಿತು. ನೀಲಿ ದುಂಡು ಬೋರ್ಡಿನಲ್ಲಿ ಚೈನ್ ಹಾಕಿದ ಟೈರ್ ಚಿತ್ರ ಕಂಡರೆ ಅಲ್ಲಿಂದ ಮುಂದೆ ಚೈನ್ ಕಡ್ಡಾಯ. ಚಳಿಗಾಲದ ಟೈರ್ ಇದ್ದರೂ ಅಷ್ಟೇ. ಒಂದು ಜೊತೆ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಫ್ರಂಟ್ ವೀಲ್ ಡ್ರೈವ್‌ಗೆ ಮುಂದಿನ ಚಕ್ರಕ್ಕೆ. ಹಾಕಿದ ಮೇಲೆ 50 ಕಿಲೋಮೀಟರ್ ಮೇಲೆ ಸ್ಪೀಡ್ ಬೇಡ. ಆಗ್ಸ್‌ಬರ್ಗ್‌ನಲ್ಲೇ, ಬಿಸಿಲಿರುವ ಒಂದು ದಿನ, ಮನೆ ಮುಂದೆ ಒಂದು ಸಲ ಹಾಕಿ ತೆಗೆದು ಅಭ್ಯಾಸ ಮಾಡಿ. ಹಿಮ ಬೀಳುವ ರಾತ್ರಿ ರಸ್ತೆ ಬದಿಯಲ್ಲಿ, ಕೈ ಮರಗಟ್ಟಿರುವಾಗ ಮೊದಲ ಸಲ ಡಬ್ಬಿ ಬಿಚ್ಚುವುದು ಬೇಡ. ಚೈನ್ ವಿಷಯದಲ್ಲೂ 16 ಇಂಚಿನ ಸಪೂರ ಟೈರ್ ಒಳ್ಳೆಯದು, ಅಗಲದ ಟೈರ್‌ಗೆ ಎಷ್ಟೋ ಗಾಡಿಗಳಲ್ಲಿ ಚೈನ್ ಹಾಕಲು ಜಾಗವೇ ಇರುವುದಿಲ್ಲ.

ಕಡಲಕಿನಾರೆ

ಟೈರ್ ಒಳಗಿನ ಗಾಳಿ ಸೆನ್ಸಾರ್ ಲೆಕ್ಕ ಹಾಕಿದ್ದೀರಾ? ನಮ್ಮ ಹಳೇ ಗಾಡಿಗೆ ಬೇರೆ ಸೆಟ್ ಕೊಂಡಾಗ ನಾಲ್ಕು ಸೆನ್ಸಾರ್‌ಗೆ ಬೇರೆ ದುಡ್ಡು ಸುರಿಯಬೇಕಾಯಿತು. ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ.

ಗ್ಯಾರೇಜ್ ಗೌಡ

ಒಳ್ಳೆ ಪ್ರಶ್ನೆ. 2014ರ ನವೆಂಬರ್‌ನಿಂದ ಯುರೋಪಿನಲ್ಲಿ ಹೊಸ ಕಾರಿಗೆಲ್ಲ ಗಾಳಿ ಎಚ್ಚರಿಕೆ ವ್ಯವಸ್ಥೆ ಇರಬೇಕು, ನಿಜ. ಆದರೆ ಅದರಲ್ಲಿ ಎರಡು ಬಗೆ. ಕೆಲವಕ್ಕೆ ಚಕ್ರದೊಳಗೆ ಸೆನ್ಸಾರ್ ಇರುತ್ತದೆ. ಈ ಆಕ್ಟೇವಿಯಾದಲ್ಲಿ ಹಾಗಲ್ಲ, ಎಬಿಎಸ್ ಮೂಲಕ ಚಕ್ರ ತಿರುಗುವ ಲೆಕ್ಕ ನೋಡಿ ಗಾಳಿ ಕಡಿಮೆ ಆಗಿದೆ ಅಂತ ಹೇಳುತ್ತದೆ. ಸೆನ್ಸಾರ್ ಖರ್ಚಿಲ್ಲ. ಚಕ್ರ ಬದಲಿಸಿ, ಗಾಳಿ ಸರಿ ಮಾಡಿ, ಮೆನುವಿನಲ್ಲಿ ಹೊಸದಾಗಿ ಸೇವ್ ಮಾಡಿದರೆ ಮುಗಿಯಿತು.

ಗಾಳಿ ಬಗ್ಗೆ ಇನ್ನೊಂದು. ಚಳಿ 10 ಡಿಗ್ರಿ ಹೆಚ್ಚಾದರೆ ಗಾಳಿ ಸುಮಾರು 0.1 ಬಾರ್ ಇಳಿಯುತ್ತದೆ. ಗ್ಯಾರೇಜ್ ಬೆಚ್ಚಗೆ ಇದ್ದಾಗ ಹಾಕಿಸಿದ ಗಾಳಿ, ಬೆಟ್ಟದ ಮೇಲೆ ಮೈನಸ್ 10ರಲ್ಲಿ ಸಾಲುವುದಿಲ್ಲ. ಫುಲ್ ಲೋಡ್‌ಗೆ ಎಷ್ಟು ಅಂತ ಗಾಡಿಯಲ್ಲೇ ಸ್ಟಿಕ್ಕರ್ ಇದೆ, ಹೊರಡುವ ಮುಂಚೆ ಅಷ್ಟು ಹಾಕಿಸಿ.

ತುಂಗಾತೀರ

ಇವರಿಗೆ ಎಲ್ಲಾ ಓದಿ ಹೇಳಿದೆ. ಬೋಲ್ಟ್ ವಿಷಯ ಕೇಳಿ ಹಳೇ ಸೆಟ್ ಬೇಡ ಅಂದರು. ಸ್ಕೋಡಾ ಸ್ಟೀಲ್ ರಿಮ್, 205/55 ಆರ್ 16, ಹೊಸ ಟೈರ್ ಅಂತ ತೀರ್ಮಾನ ಆಯಿತು. ಅಂಗಡಿಯವರು 91 ಎಚ್ ಅಂತ ಕೋಟ್ ಕೊಟ್ಟಿದ್ದಾರೆ, ಸಿಒಸಿಯಲ್ಲೂ 91 ಇದೆ. ಎಚ್ ಅಂದರೇನು? ಚಕ್ರಗಳನ್ನು ಅವರೇ ಇಟ್ಟುಕೊಳ್ಳುತ್ತಾರಂತೆ, ಸೀಸನ್‌ಗೆ 40 ಯೂರೊ. ನಮಗೆ ನೆಲಮಾಳಿಗೆ ಇದೆ. ಅಲ್ಲೇ ಇಡಬಹುದಾ?

ನಾರ್ಡಿಕ್ ನಾಗ

ಎಚ್ ಅಂದರೆ 210 ಕಿಲೋಮೀಟರ್‌ವರೆಗೆ. ನಿಮ್ಮ ಗಾಡಿಯ ಗರಿಷ್ಠ ವೇಗ ಅದಕ್ಕಿಂತ ಜಾಸ್ತಿ ಅಂತ ಕಾಗದದಲ್ಲಿ ಇದ್ದರೆ, ಡ್ರೈವರ್ ಕಣ್ಣಿಗೆ ಬೀಳುವಲ್ಲಿ 210 ಅಂತ ಸ್ಟಿಕ್ಕರ್ ಅಂಟಿಸಬೇಕು. ಚಳಿಗಾಲದ ಟೈರ್‌ಗೆ ಜರ್ಮನಿಯಲ್ಲಿ ಅಷ್ಟಕ್ಕೆ ಅವಕಾಶ ಇದೆ. ಅಂಗಡಿಯವರೇ ಕೊಡುತ್ತಾರೆ.

ಹಿಮಕರಡಿ

ನೆಲಮಾಳಿಗೆ ಇದ್ದರೆ 40 ಯೂರೊ ಯಾಕೆ ಕೊಡುತ್ತೀರಿ? ತೊಳೆದು ಒಣಗಿಸಿ, ರಿಮ್ ಸಮೇತ ಇರುವುದರಿಂದ ಒಂದರ ಮೇಲೊಂದು ಪೇರಿಸಿ. ಬಿಸಿಲು ಬೀಳದ ಜಾಗ, ಪೆಟ್ರೋಲ್ ಎಣ್ಣೆ ಹತ್ತಿರ ಬೇಡ. ಬಿಚ್ಚುವಾಗಲೇ ಚಾಕ್‌ಪೀಸಿನಲ್ಲಿ ಮುಂದಿನ ಎಡ, ಹಿಂದಿನ ಬಲ ಅಂತ ಬರೆದಿಡಿ. ಮುಂದಿನ ಸಲ ಹೆಚ್ಚು ಗ್ರಿಪ್ ಇರುವ ಜೋಡಿ ಹಿಂದೆ ಹಾಕಿಸಿ.

ಎಂಟನೇ ಮೈಲಿ

ಗ್ರಿಪ್ 4 ಮಿಲಿಮೀಟರ್ ಇದೆಯೋ ಇಲ್ಲವೋ ಮನೆಯಲ್ಲೇ ನೋಡುವುದು ಹೇಗೆ?

ಕಾಫಿತೋಟ

ಎರಡು ಯೂರೊ ನಾಣ್ಯವನ್ನು ಕಾಲುವೆಯೊಳಗೆ ನಿಲ್ಲಿಸಿ. ಹೊರಗಿನ ಬೆಳ್ಳಿ ಬಣ್ಣದ ಅಂಚು 4 ಮಿಲಿಮೀಟರ್ ಅಗಲ. ಅದು ಪೂರ್ತಿ ಒಳಗೆ ಮುಳುಗಿದರೆ ಸರಿ. ಅಂಚು ಹೊರಗೆ ಇಣುಕಿದರೆ ಆ ಟೈರ್ ಹಾಕಿಕೊಂಡು ನಮ್ಮ ಕಡೆ ಬರಬೇಡಿ.

ಧಾರವಾಡ ಪೇಡೆ

ತುಂಗಾತೀರ ಅಕ್ಕಾರೆ, ನವೆಂಬರ್‌ನಲ್ಲಿ ಮ್ಯೂನಿಕ್ ರಾಜ್ಯೋತ್ಸವಕ್ಕೆ ಬರ್ತೀರಲ್ಲ? ನನ್ನ ಹತ್ತಿರ ಟಾರ್ಕ್ ರೆಂಚ್ ಐತಿ. ತರತೀನಿ, ಪಾರ್ಕಿಂಗ್‌ನಲ್ಲೇ ಬೋಲ್ಟ್ ಒಂದು ಸಲ ನೋಡೋಣ.

ತುಂಗಾತೀರ

ಖಂಡಿತ ಬರುತ್ತೇವೆ! ಮಗಳ ಡಾನ್ಸ್ ಕೂಡ ಇದೆ. ಟೈರ್ ಬುಕ್ ಮಾಡಿದೆವು, ಮುಂದಿನ ಬುಧವಾರ ಹಾಕಿಕೊಡುತ್ತಾರೆ.

ಗ್ಯಾರೇಜ್ ಗೌಡ

ಸಂತೋಷ. ಆದರೆ ರಾಜ್ಯೋತ್ಸವದವರೆಗೆ ಕಾಯಬೇಡಿ. ಚಕ್ರ ಹಾಕಿಸಿ 50 ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್ ಮತ್ತೆ ಬಿಗಿ ನೋಡಬೇಕು. ನಿಮ್ಮ ಗಾಡಿಗೆ 120 ನ್ಯೂಟನ್ ಮೀಟರ್. ಹಾಕಿದ ಅಂಗಡಿಗೇ ಹೋಗಿ, ಸಾಮಾನ್ಯವಾಗಿ ದುಡ್ಡು ಕೇಳುವುದಿಲ್ಲ. ಪಾನಾ ಮೇಲೆ ಕಾಲಿಟ್ಟು ಒತ್ತಿ ಬಿಗಿ ಮಾಡುವುದು ಬೇಡ, ಬೋಲ್ಟ್ ಹಾಳಾಗುತ್ತದೆ. ಮೊದಲ ಕೆಲವು ದಿನ ಹೊಸ ಟೈರ್ ಸ್ವಲ್ಪ ಜಾರುತ್ತದೆ, ಮೇಲಿನ ನುಣುಪು ಸವೆಯುವವರೆಗೆ ಬ್ರೇಕ್ ಮೆತ್ತಗೆ ಒತ್ತಿ.

ಹೊಸಬ ಹೈಡಲ್‌ಬರ್ಗ್

ಎಲ್ಲಾ ಓದಿದೆ, ತುಂಬಾ ಉಪಯೋಗ ಆಯಿತು. ನಮ್ಮದು ಎಲೆಕ್ಟ್ರಿಕ್ ಕಾರು, 19 ಇಂಚಿನ ಚಕ್ರ. ಇದಕ್ಕೂ ಚಿಕ್ಕ ರಿಮ್ ಹಾಕಬಹುದಾ?

ಗ್ಯಾರೇಜ್ ಗೌಡ

ಸಿಒಸಿಯಲ್ಲಿ ಇದ್ದರೆ ಹಾಕಬಹುದು. ಆದರೆ ಬ್ಯಾಟರಿ ತೂಕದಿಂದ ಎಲೆಕ್ಟ್ರಿಕ್ ಗಾಡಿ ಭಾರ ಜಾಸ್ತಿ, ಲೋಡ್ ಇಂಡೆಕ್ಸ್ ಕಟ್ಟುನಿಟ್ಟಾಗಿ ನೋಡಬೇಕು. ಕೆಲವು ಮಾಡೆಲ್‌ಗಳಲ್ಲಿ ಬ್ರೇಕ್ ದೊಡ್ಡದಿರುವುದರಿಂದ ಚಿಕ್ಕ ರಿಮ್ ಕೂರುವುದೇ ಇಲ್ಲ. ಮಾಡೆಲ್, ವರ್ಷ, ಸಿಒಸಿಯ ಟೈರ್ ಪಟ್ಟಿ ಹಾಕಿ ಬೇರೆ ಚರ್ಚೆ ಶುರು ಮಾಡಿ, ಅಲ್ಲಿ ನೋಡೋಣ.